ಮೈದಾನದಂಚಿನಲ್ಲಿ ಕೆಲಸವಿದೆ, ಹುದ್ದೆ ಎಲ್ಲಿದೆ?

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದ್‌ಗೆ ಸಿಕ್ಕಿದೆ. 2025ರ ನವೆಂಬರ್‌ನಲ್ಲಿ ಗ್ಲಾಸ್ಗೊದಲ್ಲಿ ನಡೆದ ಸಭೆಯಲ್ಲಿ ಅದು ಅಧಿಕೃತವಾಯಿತು. 2036ರ ಒಲಿಂಪಿಕ್ಸ್ ನಡೆಸಲು ಆಸಕ್ತಿ ಇದೆ ಎಂದು ಭಾರತ 2024ರ ಅಕ್ಟೋಬರ್‌ನಲ್ಲೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಪತ್ರ ಕೊಟ್ಟಿದೆ. 2025ರ ಜುಲೈನಲ್ಲಿ ಕೇಂದ್ರ ಸಂಪುಟ ‘ಖೇಲೋ ಭಾರತ್ ನೀತಿ’ಗೆ ಒಪ್ಪಿಗೆ ನೀಡಿತು. 2001ರ ಹಳೆಯ ಕ್ರೀಡಾ ನೀತಿಯ ಜಾಗಕ್ಕೆ ಇದು ಬಂದಿದೆ. ಮರುತಿಂಗಳೇ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಮಸೂದೆಯನ್ನು ಅಂಗೀಕರಿಸಿತು. ದೇಶದಲ್ಲಿ ಕ್ರೀಡೆಯ ಬಗ್ಗೆ ಇಷ್ಟು ಸರ್ಕಾರಿ ಕಾಗದ ಒಂದೇ ವರ್ಷದಲ್ಲಿ ಓಡಾಡಿದ್ದು ಅಪರೂಪ.

ಇದರ ಬಿಸಿ ಮೊದಲು ತಟ್ಟಿರುವುದು ನಮ್ಮ ಮೊಬೈಲ್‌ಗಳಿಗೆ. ಪಿಯುಸಿ ಮುಗಿಸಿದವರಿಗೆ ಮೊದಲು ಎಂಜಿನಿಯರಿಂಗ್ ಕಾಲೇಜುಗಳ ಜಾಹೀರಾತು ಬರುತ್ತಿತ್ತು. ಈಗ ಅದರ ಜೊತೆಗೆ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್, ಸ್ಪೋರ್ಟ್ಸ್ ಸೈನ್ಸ್, ಸ್ಪೋರ್ಟ್ಸ್ ಅನಲಿಟಿಕ್ಸ್ ಕೋರ್ಸ್‌ಗಳ ಜಾಹೀರಾತೂ ಬರುತ್ತಿದೆ. ಕ್ರೀಡಾ ಉದ್ಯಮ ಬೆಳೆಯುತ್ತಿದೆ, ಬಂದು ಸೇರಿಕೊಳ್ಳಿ ಎಂಬುದು ಎಲ್ಲದರ ಸಾರಾಂಶ. ಸೀಟು ಹೆಚ್ಚಿದಷ್ಟು ಸುಲಭವಾಗಿ ಕೆಲಸ ಹೆಚ್ಚುವುದಿಲ್ಲ ಎಂಬುದನ್ನು ಬಿಇ ಓದುತ್ತಿರುವ ನಮ್ಮಂಥವರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಹಾಗಾಗಿ ಈ ಜಾಹೀರಾತುಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು ಅನ್ನಿಸಿತು.

ನನ್ನ ಚಿಕ್ಕಪ್ಪನ ಮಗಳು ಜಿಲ್ಲಾ ಮಟ್ಟದ ಕಬಡ್ಡಿ ಆಟಗಾರ್ತಿ. ಈ ವರ್ಷ ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಎಕ್ಸರ್‌ಸೈಜ್ ಸೈನ್ಸ್ ಓದಬೇಕೆಂಬುದು ಅವಳ ಆಸೆ. ಚಿಕ್ಕಪ್ಪ ಬೇಡ ಎನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ‘ಓದಮ್ಮ, ಬೇಡ ಅನ್ನಲ್ಲ. ಆದ್ರೆ ಓದಿ ಮುಗಿಸಿದ ಮೇಲೆ ಸಿಗೋ ಹುದ್ದೆಗೆ ಏನಂತಾರೆ ಹೇಳು?’ ಅಲ್ಲಿದ್ದ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಡಾಕ್ಟರ್, ನರ್ಸ್, ಎಂಜಿನಿಯರ್, ಪಿಟಿ ಮೇಷ್ಟ್ರು ಎಂದರೆ ಊರಿಗೆಲ್ಲ ಅರ್ಥವಾಗುತ್ತದೆ. ಈ ಓದಿಗೆ ಅಂಥ ಹೆಸರಿಲ್ಲ. ಕ್ರೀಡಾ ಕ್ಷೇತ್ರದಲ್ಲಿ ಕೆಲಸ ಬೇಕಾದಷ್ಟಿದೆ; ಆದರೆ ಆ ಕೆಲಸಕ್ಕೆ ಹೆಸರು, ಹುದ್ದೆ, ಪರವಾನಗಿ, ಸಂಬಳದ ಶ್ರೇಣಿ ಇನ್ನೂ ಹುಟ್ಟಿಲ್ಲ. ಚಿಕ್ಕಪ್ಪನ ಪ್ರಶ್ನೆಯ ಹಿಂದಿರುವ ಸಮಸ್ಯೆ ಇದೇ.

ಆಟಗಾರರಿಗಿಂತ ಸಿಬ್ಬಂದಿಯೇ ಹೆಚ್ಚು

ಮೊದಲು ಕೆಲಸ ಇದೆಯೇ ಎಂದು ನೋಡೋಣ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಆಟಗಾರರು 117. ಅವರೊಂದಿಗೆ ಹೋಗಲು ಕ್ರೀಡಾ ಸಚಿವಾಲಯ ಅನುಮತಿ ಕೊಟ್ಟ ಸಹಾಯಕ ಸಿಬ್ಬಂದಿ 140. ಕೋಚ್, ಫಿಸಿಯೊಥೆರಪಿಸ್ಟ್, ವೈದ್ಯರು, ಮನಃಶಾಸ್ತ್ರಜ್ಞರು, ಮಸಾಜ್ ಮಾಡುವವರು ಇವರೆಲ್ಲ ಸೇರಿದರೆ ಒಬ್ಬ ಆಟಗಾರನಿಗೆ ಒಬ್ಬರಿಗಿಂತ ಹೆಚ್ಚು. ಟಿವಿಯಲ್ಲಿ ನಮಗೆ ಕಾಣಿಸುವುದು ಪದಕ ಕಚ್ಚಿ ನಿಂತವರು ಮಾತ್ರ.

ನೀರಜ್ ಚೋಪ್ರಾ ಅವರನ್ನೇ ತೆಗೆದುಕೊಳ್ಳಿ. 2019ರಲ್ಲಿ ಅವರ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಅವರ ಪುನಶ್ಚೇತನದಲ್ಲಿ ನಮ್ಮ ಬಳ್ಳಾರಿ ಸೀಮೆಯ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ಗೂ ಪಾಲಿದೆ. ಆ ನಂತರ ಅವರ ಜೊತೆ ನಿಂತ ಜರ್ಮನಿಯ ಕ್ಲಾಸ್ ಬಾರ್ಟೋನಿಯಟ್ಜ್ ಬಯೊಮೆಕ್ಯಾನಿಕ್ಸ್ ತಜ್ಞರು. ದೇಹವನ್ನು ಯಂತ್ರದಂತೆ ಅಳೆದು ನೋಡುವ ವಿದ್ಯೆ ಅದು. ಮೊದಲ ವರ್ಷದ ಭೌತಶಾಸ್ತ್ರ ಓದಿದ ಯಾರಿಗಾದರೂ ಇದರ ಮಹತ್ವ ತಿಳಿಯುತ್ತದೆ. ಎಸೆದ ವಸ್ತು ಸಾಗುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಾಳಿಯ ಪ್ರಭಾವ ಬದಿಗಿಟ್ಟರೆ, ಕೈಬಿಡುವ ಕ್ಷಣದಲ್ಲಿ ವೇಗ ಶೇ 5ರಷ್ಟು ಹೆಚ್ಚಾದರೆ ದೂರ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಆ ಶೇ 5 ಎಲ್ಲಿಂದ ಬರಬೇಕು, ಓಟದಿಂದಲೋ ಸೊಂಟದ ತಿರುವಿನಿಂದಲೋ ಭುಜದಿಂದಲೋ ಎಂದು ಲೆಕ್ಕ ಹಾಕುವವರು ಬೇಕು. ಟೋಕಿಯೊದಲ್ಲಿ 87.58 ಮೀಟರ್ ಎಸೆತದ ಹಿಂದೆ ಅಂಥ ಲೆಕ್ಕವೂ ಇತ್ತು.

ಆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಪ್ಯಾರಿಸ್‌ನಲ್ಲಿ ನೋಡಿದೆವು. ವಿನೇಶ್ ಫೋಗಟ್ ಫೈನಲ್ ತಲುಪಿದ ಮೇಲೆ 100 ಗ್ರಾಂ ತೂಕ ಹೆಚ್ಚಾಗಿ ಅನರ್ಹರಾದರು. ತೂಕ ನಿರ್ವಹಣೆಯ ಹೊಣೆ ಆಟಗಾರರು ಮತ್ತು ಅವರ ಕೋಚ್‌ಗಳದ್ದು, ಒಲಿಂಪಿಕ್ ಸಂಸ್ಥೆ ನೇಮಿಸಿದ ವೈದ್ಯಕೀಯ ತಂಡದ್ದಲ್ಲ ಎಂದು ಸಂಸ್ಥೆಯ ಅಧ್ಯಕ್ಷೆ ಪಿ.ಟಿ. ಉಷಾ ಸ್ಪಷ್ಟಪಡಿಸಿದರು. ಯಾರದು ಸರಿ ಎಂಬ ಚರ್ಚೆ ಇಲ್ಲಿ ಬೇಡ. ಆದರೆ ಯಾವ ಕೆಲಸ ಯಾರದು ಎಂಬುದನ್ನು ಫೈನಲ್ ತಪ್ಪಿದ ಮೇಲೆ ವಿವರಿಸಬೇಕಾಗಿ ಬಂತು ಎಂಬುದೇ ಯೋಚಿಸಬೇಕಾದ ವಿಷಯ.

ನಮ್ಮ ರಾಜ್ಯದವರೇ ಆದ ಅಶ್ವಿನಿ ಅಕ್ಕುಂಜಿ ಅವರದ್ದು ಇನ್ನೊಂದು ಉದಾಹರಣೆ. 2010ರಲ್ಲಿ ಕಾಮನ್‌ವೆಲ್ತ್ ಮತ್ತು ಏಷ್ಯನ್ ಕ್ರೀಡಾಕೂಟಗಳೆರಡರಲ್ಲೂ ಚಿನ್ನ ಗೆದ್ದ ಉಡುಪಿ ಜಿಲ್ಲೆಯ ಈ ಓಟಗಾರ್ತಿ 2011ರಲ್ಲಿ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಪಾಸಿಟಿವ್ ಆದರು. ಕೋಚ್ ಕೊಟ್ಟ ಜಿನ್‌ಸೆಂಗ್ ಪೂರಕದಿಂದ ಹೀಗಾಯಿತು ಎಂದು ಅವರು ಮತ್ತು ಸಹ ಓಟಗಾರ್ತಿಯರು ವಾದಿಸಿದರು. ಆದರೂ ಎರಡು ವರ್ಷದ ನಿಷೇಧ ತಪ್ಪಲಿಲ್ಲ. ದೇಹದೊಳಗೆ ಏನು ಸೇರಿದರೂ ಆಟಗಾರನೇ ಹೊಣೆ ಎನ್ನುವುದು ಅಂತರರಾಷ್ಟ್ರೀಯ ನಿಯಮ. ಡಬ್ಬಿಯ ಮೇಲಿನ ಚೀಟಿ ಓದಿ ‘ಇದು ಬೇಡ’ ಎನ್ನಬಲ್ಲ ಒಬ್ಬ ಪೌಷ್ಟಿಕ ತಜ್ಞ ಪಕ್ಕದಲ್ಲಿರಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಸಮಸ್ಯೆ ಹಳೆಯದೆಂದು ಪಕ್ಕಕ್ಕಿಡುವಂತೆಯೂ ಇಲ್ಲ. 2023ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213 ಪಾಸಿಟಿವ್ ಬಂದವು.

ಹಣ ಒಂದೇ ಕಡೆ

ಕೆಲಸ ಇದೆ ಎಂದಾಯಿತು. ಸಂಬಳ ಕೊಡುವವರು ಯಾರು? ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು ₹48,390 ಕೋಟಿಗೆ ಮಾರಾಟವಾಯಿತು. ವರ್ಷಕ್ಕೆ ಸರಾಸರಿ ₹9,678 ಕೋಟಿ. 2025–26ರ ಬಜೆಟ್‌ನಲ್ಲಿ ಕೇಂದ್ರದ ಇಡೀ ಯುವಜನ ಮತ್ತು ಕ್ರೀಡಾ ಸಚಿವಾಲಯಕ್ಕೆ ಸಿಕ್ಕಿದ್ದು ₹3,794 ಕೋಟಿ. ಅದರಲ್ಲಿ ಖೇಲೋ ಇಂಡಿಯಾ ಪಾಲು ₹1,000 ಕೋಟಿ. ಅಂದರೆ ಒಂದು ಟೂರ್ನಿಯ ಟಿವಿ ಮತ್ತು ಡಿಜಿಟಲ್ ಹಕ್ಕು ದೇಶದ ಕ್ರೀಡಾ ಬಜೆಟ್‌ನ ಎರಡೂವರೆ ಪಟ್ಟು.

ಬೆಂಗಳೂರಿನ ಹೊರವಲಯದಲ್ಲಿ 2024ರಲ್ಲಿ ಆರಂಭವಾದ ಬಿಸಿಸಿಐ ಸೆಂಟರ್ ಆಫ್ ಎಕ್ಸಲೆನ್ಸ್ ನೋಡಿದರೆ ಯಾರಿಗಾದರೂ ಅಲ್ಲೇ ಕೆಲಸ ಬೇಕೆನಿಸುತ್ತದೆ. ಆದರೆ ಕ್ರಿಕೆಟ್‌ನ ಇಂಥ ಕೇಂದ್ರದಲ್ಲಿ, ಐಪಿಎಲ್ ತಂಡಗಳಲ್ಲಿ ಎಷ್ಟು ಜನರಿಗೆ ಜಾಗ ಇದ್ದೀತು? ಹತ್ತು ತಂಡ, ಪ್ರತಿ ತಂಡಕ್ಕೆ ಬೆರಳೆಣಿಕೆಯ ಫಿಸಿಯೊ, ಟ್ರೇನರ್, ಅನಲಿಸ್ಟ್. ಅದೂ ಸೀಸನ್ ಲೆಕ್ಕದಲ್ಲಿ. ಕೋರ್ಸ್ ಜಾಹೀರಾತುಗಳಲ್ಲಿ ಕಾಣುವುದು ಈ ಬೆರಳೆಣಿಕೆಯ ಹುದ್ದೆಗಳ ಚಿತ್ರ.

ಕೋಡಿಂಗ್ ಗೊತ್ತಿದ್ದ ನಮಗೆ ‘ಸ್ಪೋರ್ಟ್ಸ್ ಟೆಕ್’ ಎಂಬ ಇನ್ನೊಂದು ಬಾಗಿಲು ಇತ್ತು. ಅದರಲ್ಲಿ ದೊಡ್ಡ ಪಾಲು ಫ್ಯಾಂಟಸಿ ಗೇಮ್ ಕಂಪನಿಗಳದ್ದು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆ ಎರಡೇ ದಿನದಲ್ಲಿ ಸಂಸತ್ತಿನ ಎರಡೂ ಸದನ ದಾಟಿತು. ಭಾರತ ಕ್ರಿಕೆಟ್ ತಂಡದ ಅಂಗಿ ಮೇಲಿದ್ದ ಡ್ರೀಮ್11 ಹೆಸರು ಮಾಯವಾಯಿತು. ಬೆಂಗಳೂರಿನ ಕಂಪನಿಗಳೂ ನೌಕರರನ್ನು ಕೈಬಿಟ್ಟವು. ಸಾಲ ಮಾಡಿ ಆಡಿ ಮನೆ ಹಾಳು ಮಾಡಿಕೊಂಡವರನ್ನು ನೋಡಿದವರು ಈ ನಿಷೇಧವನ್ನು ಒಪ್ಪಬಹುದು. ನಾನೂ ಒಪ್ಪುತ್ತೇನೆ. ಆದರೆ ಕೆಲಸ ಹುಡುಕುವವರು ಇದರಿಂದ ಒಂದು ಪಾಠ ಕಲಿಯಬೇಕು. ಕಂಪನಿಗೆ ಹಣ ಆಟದಿಂದ ಬರುತ್ತಿದೆಯೋ ಅಥವಾ ಆಟದ ಹೆಸರಿನ ಬಾಜಿಯಿಂದಲೋ ಎಂಬುದನ್ನು ಆಫರ್ ಲೆಟರ್‌ಗೆ ಸಹಿ ಮಾಡುವ ಮೊದಲೇ ತಿಳಿದುಕೊಳ್ಳಬೇಕು.

ನಿಜವಾದ ಗ್ರಾಹಕರು ನಮ್ಮ ಅಪ್ಪ, ಅಮ್ಮ

ಹಾಗಾದರೆ ಈ ಓದಿನ ಅಗತ್ಯ ಅತಿ ಹೆಚ್ಚಿರುವುದು ಎಲ್ಲಿ? ಒಲಿಂಪಿಕ್ಸ್‌ನಲ್ಲಲ್ಲ, ನಮ್ಮ ಮನೆಗಳಲ್ಲಿ. ಐಸಿಎಂಆರ್ ಪಾಲ್ಗೊಂಡು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10.1 ಕೋಟಿ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜು ಇನ್ನೂ ಕಟುವಾಗಿದೆ. ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಮಹಿಳೆಯರಲ್ಲಿ ಈ ಪ್ರಮಾಣ ಶೇ 57. ವಾರಕ್ಕೆ 150 ನಿಮಿಷ ಸಾಧಾರಣ ವ್ಯಾಯಾಮ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ‘ವಾಕಿಂಗ್ ಮಾಡಿ’ ಎಂದು ಡಾಕ್ಟರ್ ಚೀಟಿಯಲ್ಲಿ ಬರೆಯುತ್ತಾರೆ. ಎಷ್ಟು, ಯಾವ ವೇಗದಲ್ಲಿ, ಮಂಡಿ ನೋವಿದ್ದರೆ ಹೇಗೆ, ಸಕ್ಕರೆ ಮಾತ್ರೆ ನುಂಗಿದ ಮೇಲೆ ಯಾವಾಗ ಎಂದು ಕೂರಿಸಿಕೊಂಡು ಹೇಳುವವರು ಯಾರೂ ಇಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಇಡೀ ಕರ್ನಾಟಕ ಈ ಪ್ರಶ್ನೆಯನ್ನು ಒಮ್ಮೆಗೇ ಕೇಳಿತ್ತು. ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. ಜಿಮ್‌ಗೆ ಹೋಗುವುದೇ ತಪ್ಪೇನೋ ಎಂಬ ಭಯ ಹಬ್ಬಿತು. ಒಂದು ಸಾವನ್ನು ವ್ಯಾಯಾಮದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ‘ನನ್ನ ದೇಹಕ್ಕೆ ಎಷ್ಟು ವ್ಯಾಯಾಮ ಸುರಕ್ಷಿತ?’ ಎಂಬ ಜನರ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರಿಸಬೇಕಾದವರು ವ್ಯಾಯಾಮ ಶಾಸ್ತ್ರ ಓದಿದವರು. ಉತ್ತರಿಸುತ್ತಿರುವವರು ವಾಟ್ಸ್ಆ್ಯಪ್ ಮತ್ತು ರೀಲ್ಸ್.

ನಮ್ಮ ಕಾಲೇಜಿನ ಹತ್ತಿರದ ಒಂದು ಜಿಮ್‌ನ ಟ್ರೇನರ್ ಜೊತೆ ಮಾತಾಡಿದೆ. ವಯಸ್ಸು 24. ಸಂಬಳ ತಿಂಗಳಿಗೆ ₹12 ಸಾವಿರ. ಉಳಿದದ್ದು ಪರ್ಸನಲ್ ಟ್ರೇನಿಂಗ್‌ನಲ್ಲಿ ಸಿಗುವ ಪಾಲು ಮತ್ತು ಪ್ರೊಟೀನ್ ಡಬ್ಬಿ ಮಾರಿದರೆ ಸಿಗುವ ಕಮಿಷನ್. ‘ಡಬ್ಬಿ ಮಾರಿಲ್ಲ ಅಂದ್ರೆ ರೂಮ್ ಬಾಡಿಗೆ ಹುಟ್ಟಲ್ಲ ಬ್ರೋ’ ಎಂದರು. ಅವರು ಕೆಟ್ಟವರಲ್ಲ, ಹೊಸಬರಿಗೆ ತಾಳ್ಮೆಯಿಂದ ಹೇಳಿಕೊಡುತ್ತಾರೆ. ಆದರೆ ಸಲಹೆ ಕೊಡುವವನ ಊಟ ಡಬ್ಬಿ ಮಾರಾಟದ ಮೇಲೆ ನಿಂತಿದ್ದರೆ ಸಲಹೆ ಎಷ್ಟು ನೇರವಾಗಿರಲು ಸಾಧ್ಯ?

ಇದಕ್ಕೆ ಮೂಲ ಕಾರಣ ಕಾನೂನಿನಲ್ಲಿದೆ. 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆ ಫಿಸಿಯೊಥೆರಪಿಸ್ಟ್, ಡಯಟೀಷಿಯನ್ ಮುಂತಾದವರನ್ನು ವೃತ್ತಿಪರರೆಂದು ಗುರುತಿಸಿ ನೋಂದಣಿಗೆ ದಾರಿ ಮಾಡಿದೆ. ಜಿಮ್ ಟ್ರೇನರ್ ಆಗಲು ಅಂಥ ಕಡ್ಡಾಯ ಪರವಾನಗಿ ವ್ಯವಸ್ಥೆ ನಮ್ಮಲ್ಲಿಲ್ಲ. ಕೌಶಲ ಮಂಡಳಿಯ ಪ್ರಮಾಣಪತ್ರಗಳಿವೆ, ಖಾಸಗಿ ಸಂಸ್ಥೆಗಳ ಸರ್ಟಿಫಿಕೇಟ್‌ಗಳಿವೆ. ತೆಗೆದುಕೊಂಡರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ನಾಲ್ಕು ವರ್ಷ ಓದಿದವನೂ ಆರು ತಿಂಗಳು ಕಬ್ಬಿಣ ಎತ್ತಿದವನೂ ಒಂದೇ ಕೆಲಸಕ್ಕೆ ಅರ್ಹರಾದಾಗ, ಮಾಲೀಕ ಕಡಿಮೆ ಸಂಬಳ ಕೇಳುವವನನ್ನೇ ತೆಗೆದುಕೊಳ್ಳುತ್ತಾನೆ. ಓದಿದವನ ಸಂಬಳವೂ ಅಲ್ಲಿಗೇ ಇಳಿಯುತ್ತದೆ.

ಪಿಟಿ ಪೀರಿಯಡ್‌ನಲ್ಲಿ ಗಣಿತ

ಊರಿಗೆ ಅರ್ಥವಾಗುವ ಹೆಸರಿರುವ ಒಂದೇ ಕ್ರೀಡಾ ಹುದ್ದೆ ದೈಹಿಕ ಶಿಕ್ಷಕರದ್ದು. ಎರಡು ವರ್ಷದ ಬಿಪಿಎಡ್, ಆಮೇಲೆ ಎಂಪಿಎಡ್ ಎಂಬ ದಾರಿ ಎಲ್ಲರಿಗೂ ಗೊತ್ತು. ಆದರೆ ಸರ್ಕಾರಿ ಶಾಲೆಗಳಲ್ಲಿ ಓದಿದ ನಮ್ಮಲ್ಲಿ ಎಷ್ಟು ಜನರಿಗೆ ಪಿಟಿ ಮೇಷ್ಟ್ರು ಇದ್ದರು? ಇದ್ದ ಕಡೆಯೂ ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಪಿಟಿ ಪೀರಿಯಡ್ ಗಣಿತಕ್ಕೆ ಹೋಗುತ್ತಿತ್ತು. ಹೊಸ ಕ್ರೀಡಾ ನೀತಿಯ ಐದು ಸ್ತಂಭಗಳಲ್ಲಿ ಶಿಕ್ಷಣದ ಜೊತೆ ಕ್ರೀಡೆಯ ಜೋಡಣೆಯೂ ಒಂದು. ಕಾಗದದ ಮೇಲಿನ ಈ ಸ್ತಂಭ ಶಾಲೆಯ ಅಂಗಳದಲ್ಲಿ ನಿಲ್ಲಬೇಕಾದರೆ ಮೊದಲು ಖಾಲಿ ಹುದ್ದೆ ತುಂಬಬೇಕು.

ಕೋಚಿಂಗ್ ಕಡೆಯೂ ಪರಿಸ್ಥಿತಿ ಬೇರೆಯಲ್ಲ. ಖೇಲೋ ಇಂಡಿಯಾ ಕೇಂದ್ರಗಳಲ್ಲಿ ಮಾಜಿ ಚಾಂಪಿಯನ್‌ಗಳನ್ನು ಕೋಚ್ ಆಗಿ ಸೇರಿಸುವ ಯೋಜನೆ ಒಳ್ಳೆಯದು. ಆದರೆ ಅವರಿಗೆ ನಿಗದಿಯಾದದ್ದು ವರ್ಷಕ್ಕೆ ₹3 ಲಕ್ಷ, ತಿಂಗಳಿಗೆ ₹25 ಸಾವಿರ. ಅದೂ ಕಾಯಂ ಅಲ್ಲ. ದೇಶಕ್ಕೆ ಆಡಿದವರಿಗೇ ಇಷ್ಟಾದರೆ ಜಿಲ್ಲೆಗೆ ಆಡಿದವರ ಗತಿ ಏನು?

ಚಿನ್ನಸ್ವಾಮಿಯ ಗೇಟಿನ ಅಗಲ

ಎಂಜಿನಿಯರಿಂಗ್‌ನವರಿಗೆ ಇದರಲ್ಲಿ ಏನು ಕೆಲಸ ಎಂದು ಕೇಳುವ ಗೆಳೆಯರಿಗೆ 2025ರ ಜೂನ್ 4 ಸಾಕು. ಆರ್‌ಸಿಬಿ ಕಪ್ ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಅವರಲ್ಲಿ ನಮ್ಮದೇ ವಯಸ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದರು. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣದ ಬಳಿ ಲಕ್ಷಗಟ್ಟಲೆ ಜನ ಸೇರಿದ್ದರು. ಆಮೇಲೆ ತನಿಖೆ, ಆಯೋಗ, ಅಮಾನತು, ಹೊಸ ಮಸೂದೆ ಎಲ್ಲ ಬಂದವು.

ಇಂಗ್ಲೆಂಡಿನವರೂ ಸ್ಕಾಟ್ಲೆಂಡಿನವರೂ ಇದನ್ನು ನಮಗಿಂತ ಮುಂಚೆ ಅನುಭವಿಸಿದ್ದಾರೆ. 1971ರಲ್ಲಿ ಗ್ಲಾಸ್ಗೊದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ 66 ಮಂದಿ ಸತ್ತ ನಂತರ ಅಲ್ಲಿ ‘ಗ್ರೀನ್ ಗೈಡ್’ ಎಂಬ ಸುರಕ್ಷತಾ ಕೈಪಿಡಿ ಬಂತು. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ ಹೊರಹೋಗಬಹುದು ಎಂಬಂಥ ಲೆಕ್ಕಗಳು ಅದರಲ್ಲಿವೆ. ಮೂರು ಮೀಟರ್ ಗೇಟಿನಲ್ಲಿ ಹತ್ತು ನಿಮಿಷಕ್ಕೆ ಎರಡೂವರೆ ಸಾವಿರ ಜನರೂ ದಾಟಲಾರರು. ಈ ಗುಣಾಕಾರ ಏಳನೇ ತರಗತಿಯದ್ದು. ಅದನ್ನು ಮೊದಲೇ ಮಾಡಿ, ‘ಈ ಕಾರ್ಯಕ್ರಮ ಇಲ್ಲಿ ಬೇಡ’ ಎಂದು ಬರೆದು ಸಹಿ ಹಾಕುವ ಅಧಿಕಾರ ಇರುವ ಒಬ್ಬ ವ್ಯಕ್ತಿ ಬೇಕು. ಅದೂ ಕ್ರೀಡಾ ಉದ್ಯಮದ ಹುದ್ದೆಯೇ. 2030ಕ್ಕೂ ಆಮೇಲಕ್ಕೂ ಕ್ರೀಡಾಂಗಣ ಕಟ್ಟುವಾಗ ಸಿಮೆಂಟಿನಷ್ಟೇ ಈ ಹುದ್ದೆಗೂ ಹಣ ತೆಗೆದಿಡಬೇಕು.

ಸೇರುವ ಮೊದಲು ಕೇಳಬೇಕಾದ್ದು

ಇಷ್ಟೆಲ್ಲ ಹೇಳಿದ್ದು ಯಾರನ್ನೂ ಹೆದರಿಸಲಿಕ್ಕಲ್ಲ. ಒಳ್ಳೆಯ ಓದಿನ ಜಾಗಗಳು ಇವೆ. ಕೋಚ್ ಆಗಬೇಕೆನ್ನುವವರಿಗೆ 1961ರಲ್ಲಿ ಆರಂಭವಾದ ಪಟಿಯಾಲದ ಎನ್ಐಎಸ್ ಡಿಪ್ಲೊಮಾ ಇದೆ. ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಬೆಂಗಳೂರಿನ ಜ್ಞಾನಭಾರತಿಯಲ್ಲೇ ಇದೆ. ದೈಹಿಕ ಶಿಕ್ಷಣಕ್ಕೆ ಗ್ವಾಲಿಯರ್‌ನ ಲಕ್ಷ್ಮೀಬಾಯಿ ಸಂಸ್ಥೆ, ಮಣಿಪುರದಲ್ಲಿ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯ ಇವೆ. ಮಣಿಪಾಲದಲ್ಲಿ ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನದ ವಿಭಾಗ ಇದೆ. ಬಿಇ ಮುಗಿಸಿ ಈ ಕಡೆ ಬರುವವರು ಐಐಟಿ ಮದ್ರಾಸ್‌ನ ಕ್ರೀಡಾ ವಿಜ್ಞಾನ ಮತ್ತು ಅನಲಿಟಿಕ್ಸ್ ಕೇಂದ್ರದ ಕೆಲಸ ಗಮನಿಸಬಹುದು.

ಯಾವ ಕೋರ್ಸ್ ಆದರೂ ಫೀ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಇದನ್ನು ಓದಿದರೆ ಯಾವ ಮಂಡಳಿಯಲ್ಲಿ ನೋಂದಣಿ ಸಿಗುತ್ತದೆ? ಕಳೆದ ಎರಡು ಬ್ಯಾಚ್‌ನವರು ಈಗ ಎಲ್ಲಿ, ಯಾವ ಸಂಬಳಕ್ಕೆ ಕೆಲಸ ಮಾಡುತ್ತಿದ್ದಾರೆ? ಇಂಟರ್ನ್‌ಶಿಪ್ ಆಸ್ಪತ್ರೆಯಲ್ಲೋ ತಂಡದಲ್ಲೋ, ಇಲ್ಲ ಟಿಕೆಟ್ ಹರಿಯುವ ಗೇಟಿನಲ್ಲೋ? ಕ್ರೀಡೆ ಕೈಕೊಟ್ಟರೆ ಇದೇ ಪದವಿಯಿಂದ ಬೇರೆ ಎಲ್ಲಿಗೆ ಹೋಗಬಹುದು? ಕೊನೆಯ ಪ್ರಶ್ನೆ ಮುಖ್ಯ. ಫಿಸಿಯೊಥೆರಪಿ, ಪೌಷ್ಟಿಕ ವಿಜ್ಞಾನ, ಬಯೊಮೆಡಿಕಲ್, ಡೇಟಾ ಸೈನ್ಸ್ ಓದಿ ನಂತರ ಕ್ರೀಡೆಯಲ್ಲಿ ಪರಿಣತಿ ಪಡೆದವರಿಗೆ ಎರಡು ಬಾಗಿಲು ಇರುತ್ತದೆ. ಬರೀ ‘ಸ್ಪೋರ್ಟ್ಸ್’ ಎಂಬ ಹೆಸರಿನ ಕೋರ್ಸ್ ಓದಿದವರಿಗೆ ಎಷ್ಟೋ ಸಲ ಒಂದೇ.

ಆದರೆ ಎಲ್ಲ ಎಚ್ಚರಿಕೆಯನ್ನೂ ವಿದ್ಯಾರ್ಥಿಯ ತಲೆಗೇ ಕಟ್ಟಿದರೆ ಅದು ಅನ್ಯಾಯ. ಸರ್ಕಾರ ಮಾಡಬಹುದಾದ ಕೆಲಸಗಳಿವೆ, ಅವಕ್ಕೆ ಒಲಿಂಪಿಕ್ಸ್‌ನಷ್ಟು ಹಣವೂ ಬೇಡ. ಜಿಮ್ ಟ್ರೇನರ್‌ಗಳಿಗೆ ಕನಿಷ್ಠ ಅರ್ಹತೆ ಮತ್ತು ನೋಂದಣಿ ಕಡ್ಡಾಯವಾಗಲಿ. ಈಗಾಗಲೇ ಕೆಲಸದಲ್ಲಿರುವವರಿಗೆ ಕಲಿತು ಪರೀಕ್ಷೆ ಬರೆಯಲು ಕಾಲಾವಕಾಶ ಸಿಗಲಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಸಕ್ಕರೆ, ಬಿಪಿ ರೋಗಿಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್‌ಗಳಿವೆ. ನಮ್ಮ 31 ಜಿಲ್ಲೆಗಳಲ್ಲಿ ಒಂದೊಂದು ಕ್ಲಿನಿಕ್‌ಗೆ ಒಬ್ಬೊಬ್ಬ ವ್ಯಾಯಾಮ ತಜ್ಞರನ್ನು ನೇಮಿಸಿದರೂ ಅದೊಂದು ಸರ್ಕಾರಿ ಹುದ್ದೆಯ ಹೆಸರಾಗುತ್ತದೆ. ಅರ್ಜಿಯಲ್ಲಿ ಬರೆಯಬಹುದಾದ, ಮನೆಯಲ್ಲಿ ಹೇಳಬಹುದಾದ ಹೆಸರು.

31 ಹುದ್ದೆ ಎಂದರೆ ಬಜೆಟ್‌ನಲ್ಲಿ ಒಂದು ಸಾಲೂ ಆಗದು. ಆದರೆ ಅದರಿಂದ ಮಂಡಿ ನೋವಿನ ಅಮ್ಮನಿಗೆ ಹೇಗೆ ನಡೆಯಬೇಕೆಂದು ಹೇಳಿಕೊಡಲು ಒಬ್ಬರು ಸಿಗುತ್ತಾರೆ. ಪಿಯುಸಿ ಮುಗಿಸಿದ ಹುಡುಗಿಗೆ ತಾನು ಓದಿ ಏನಾಗುತ್ತೇನೆ ಎಂದು ಹೇಳಲು ಒಂದು ಪದ ಸಿಗುತ್ತದೆ. 2036ಕ್ಕೆ ಪದಕ ಎಷ್ಟು ಬರುತ್ತದೋ ಆಗ ನೋಡೋಣ. ಈ 31 ಹುದ್ದೆಗಳಿಗೆ ಅಷ್ಟು ವರ್ಷ ಕಾಯಬೇಕಾಗಿಲ್ಲ.